ಜನಕನ ಮನೆಯ ಗಾಳಿ

ಇವತ್ತು ಬೆಳಿಗ್ಗೆ ಕಡೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ನನ್ನ ಸ್ಕೂಟರಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಪೈಪು ಕಿತ್ತ ಕೂಡಲೇ ಸುಯ್ಯೆಂದು ಸದ್ದಾಯಿತು ನೋಡಿ, ನಿಂತಲ್ಲೇ ಎಂಜಲು ನುಂಗಿಬಿಟ್ಟೆ. "ಯಾಕ್ ಮೇಡಂ, ನೀರ್ ಬೇಕಾ?" ಎಂದರು ಅಂಗಡಿಯವರು. ಬೇಡವೆಂದೆ. ಆ ಸದ್ದಿಗೆ ಎಂಜಲು ನುಂಗುವ ಅಭ್ಯಾಸ ನನಗೆ ಅಂಟಿದ್ದು ದೊಡ್ಡಮ್ಮನ ಕಾಲಿನ ದೆಸೆಯಿಂದ. ಅಂಗಡಿಯವರಿಗೆ ಅದನ್ನು ವಿವರಿಸುತ್ತ ನಿಂತಿದ್ದರೆ ಪಂಚನಹಳ್ಳಿಯಲ್ಲಿ ಊಟದ ಹೊತ್ತು ಮೀರುತ್ತಿತ್ತು. ನೀವು ಹೇಗೂ ಪುರುಸೊತ್ತಾಗಿ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ದೊಡ್ಡಮ್ಮ ಎಂದರೆ ನನ್ನಮ್ಮನ ಅಕ್ಕ. ಪಂಚನಹಳ್ಳಿಯ ಸೊಸೆ. ಕಾಲು ನಿಂತಲ್ಲಿ ನಿಲ್ಲದ ಹೆಂಗಸು. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದು ಅಲ್ಲಿ ಹತ್ತುವ ಜಾತಿ. ರಜೆಯಲ್ಲಿ ನಾವು ಹುಡುಗರು ಬಿದ್ದು ಮಂಡಿ ತರಚಿಕೊಂಡರೆ ಅರಿಶಿನ ಮೆತ್ತಿ, ಹಳೇ ಪಂಚೆಯ ಚೂರನ್ನು ಬಿಗಿಯಾಗಿ ಸುತ್ತಿ, "ಗಾಳಿ ತಾಗಿಸ್ಬ್ಯಾಡ್ರೋ, ಕೀವಾಗ್ತದೆ" ಎಂದು ಗದರುತ್ತಿದ್ದಳು. ಮುಂದೆ ಸಕ್ಕರೆ ಕಾಯಿಲೆ ಬಂತು. ಎಡಗಾಲಿಗೆ ಕರಟದ ಚೂರು ಚುಚ್ಚಿದಾಗ ಅವಳಿಗೆ ನೋವೇ ತಿಳಿಯಲಿಲ್ಲ. ತಿಳಿದ ಮೇಲೆ ಮಾಡಿದ್ದು ಅದೇ ವೈದ್ಯ: ಅರಿಶಿನ, ಬಟ್ಟೆ, ಬಿಗಿ ಕಟ್ಟು. ಮನೆಯವರಿಗೆ ವಾಸನೆ ಬರುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು. ಇದು ಮೇಲೇರಿದರೆ ಮಂಡಿಯ ಕೆಳಗೆ ಕಾಲನ್ನೇ ತೆಗೆಯಬೇಕಾದೀತು ಎಂದರು ಡಾಕ್ಟರು. ಅದಕ್ಕೆ ಮುಂಚೆ ಒಂದು ಪ್ರಯತ್ನ ಮಾಡಬಹುದಂತೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಗಟ್ಟಿ ಮುಚ್ಚಿದ ಕೋಣೆಯೊಳಗೆ ಕೂರಿಸಿ, ಒತ್ತಡ ಏರಿಸಿ, ಶುದ್ಧ ಆಮ್ಲಜನಕ ಉಸಿರಾಡಿಸುತ್ತಾರಂತೆ. ಅದು ರಕ್ತದಲ್ಲಿ ಹೆಚ್ಚಾಗಿ ಕರಗಿ, ಸಾಯುತ್ತಿರುವ ಮಾಂಸದವರೆಗೂ ಹೋಗುತ್ತದಂತೆ.

ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಇದನ್ನು ದೊಡ್ಡಮ್ಮನಿಗೆ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ಬಹಳ ಗತ್ತಿನಿಂದಲೇ ಶುರುಮಾಡಿದೆ. ಆಮ್ಲಜನಕ ಎಂದರೆ ಏನು ಗೊತ್ತಾ ದೊಡ್ಡಮ್ಮ...

"ಯಾವ ಜನಕನೇ? ಸೀತೆ ಅಪ್ಪನಾ?"

ನನ್ನ ಬಿ.ಎಡ್. ಅಲ್ಲಿಗೆ ಮುಗಿಯಿತು. ಸೋತು, "ಗಾಳಿ ಚಿಕಿತ್ಸೆ ಕಣ್ ದೊಡ್ಡಮ್ಮ" ಎಂದುಬಿಟ್ಟೆ. ಅಲ್ಲೇ ಆದದ್ದು ಎಡವಟ್ಟು! ನಮ್ಮ ಕಡೆ ಗಾಳಿ ಎಂದರೆ ಗಾಯವನ್ನು ಕೀವು ಮಾಡುವಂಥದ್ದು. ಇಲ್ಲವೇ ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಹೋದವರನ್ನು ಮೆಟ್ಟಿಕೊಳ್ಳುವಂಥದ್ದು. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಸಿದ್ದಮ್ಮ ನಿಂಬೆಹಣ್ಣು, ತೋಳಿಗೆ ಕಟ್ಟುವ ಅಂತ್ರ ಹಿಡಿದು ಬಂದೇಬಿಟ್ಟರು. "ಗಾಳಿ ಬಿಡ್ಸಕ್ಕೆ ಬೆಂಗ್ಳೂರಿಗ್ ಯಾಕವ್ವಾ? ತರೀಕೆರೆ ಕಡೆ ಒಬ್ರವ್ರೆ, ಬೇವಿನ ಸೊಪ್ಪಲ್ಲಿ ನಾಕು ಬಾರಿಸಿದ್ರೆ ಎದ್ದೆನೋ ಬಿದ್ದೆನೋ ಅಂತ ಓಡೋಗ್ತದೆ."

ದೊಡ್ಡಮ್ಮ ಅಂತ್ರ ಕಟ್ಟಿಸಿಕೊಳ್ಳಲಿಲ್ಲ, ಬೆಂಗಳೂರಿಗೂ ಒಪ್ಪಲಿಲ್ಲ. "ಜೀವಮಾನವೆಲ್ಲ ಗಾಯಕ್ಕೆ ಗಾಳಿ ತಾಗದಂಗೆ ಮುಚ್ಕೊಂಡ್ ಬಂದೋಳು ನಾನು. ಈಗ ಗಾಳಿ ಹೊಡಿಸ್ಕೊಳ್ಳಕ್ಕೆ ರೈಲು ಹತ್ಲಾ?"

ನನಗೆ ಮೂಗಿನ ಮೇಲೆ ಕೋಪ, ನಿಮಗಿನ್ನೂ ಗೊತ್ತಿಲ್ಲ. "ಹಂಗಾದ್ರೆ ಕಾಲು ಕತ್ತರಿಸ್ಕೊಂಡು ಮೂಲೇಲಿ ಕೂತ್ಕೋ" ಎಂದೆ. ದೊಡ್ಡಮ್ಮ ತನ್ನ ಕಾಲನ್ನೇ ನೋಡುತ್ತ ಕೂತಳು. ಆಮೇಲೆ ಹೇಳಿದಳು: "ಕಾಲು ಹೋದ್ರೆ ಬಚ್ಚಲಿಗೂ ಸೊಸೇನೇ ಹೊತ್ಕೊಂಡ್ ಹೋಗ್ಬೇಕು. ಅದು ನನ್ ಕೈಲಾಗಕಿಲ್ಲ ಕಣೇ. ನಡಿ, ನಿನ್ ಜನಕನ ಹತ್ರಾನೇ ಹೋಗಾನ."

ಬೇಸಿಗೆ ರಜೆ ಇತ್ತು, ಜೊತೆಗೆ ನಾನೇ ಹೋದೆ. ಆ ಕೋಣೆ ನೋಡಲು ಥೇಟ್ ಹಾಲಿನ ಟ್ಯಾಂಕರ್. ಒಳಗೆ ಸಾಲಾಗಿ ಕುರ್ಚಿ, ಗೋಡೆಯಲ್ಲಿ ದುಂಡು ಕಿಟಕಿ. ಬಾಗಿಲಲ್ಲೇ ನಿಂತ ನರ್ಸಮ್ಮ ಕೇಳಿದ ಮೊದಲ ಪ್ರಶ್ನೆ, "ಅಜ್ಜಿ, ತಲೆಗೆ ಎಣ್ಣೆ ಹಚ್ಚಿಲ್ಲ ತಾನೆ?"

ತೆಂಗಿನ ಸೀಮೆಯವಳಿಗೆ ಕೇಳುವ ಮಾತೇ ಅದು! ಅವತ್ತು ವಾಪಸ್ ಕಳಿಸಿದರು. ಮರುದಿನ ಸೀಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ಅವಳ ತಲೆ ತೊಳೆದೆ. ಆಮ್ಲಜನಕ ಹೆಚ್ಚಿದ ಕಡೆ ಸಣ್ಣ ಕಿಡಿಯೂ ಭಗ್ಗೆನ್ನುತ್ತದೆ, ಎಣ್ಣೆ ಇದ್ದರೆ ಮುಗಿದೇಹೋಯಿತು ಎಂದು ತಿಳಿಸಿದೆ. "ಹಂಗಾದ್ರೆ ನಿಮ್ ದೊಡ್ಡಪ್ಪನ್ನ ಕರ್ಕೊಂಡ್ ಬರ್ದಿದ್ದು ಒಳ್ಳೇದಾಯ್ತು. ಆ ಮನುಷ್ಯ ಬಾಯಿ ತೆಗೆದ್ರೆ ಕಿಡೀನೇ" ಎಂದಳು.

ಒಳಗೆ ಕಾಲಿಡುವಾಗ ಅವಳು ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಅದಕ್ಕೇ ಮೊದಲ ಸಲ ನನ್ನ ಕಿವಿ, ಮೂಗು ಪರೀಕ್ಷಿಸಿ ಜೊತೆಗೆ ಬಿಟ್ಟರು. ಸುಯ್ಯೆಂದು ಗಾಳಿ ನುಗ್ಗಿತು. ಘಟ್ಟ ಇಳಿಯುವ ಬಸ್ಸಿನಲ್ಲಿ ಆಗುವ ಹಾಗೆ ಕಿವಿ ಕಟ್ಟಿತು. ಹೊರಗಿನಿಂದ ಸ್ಪೀಕರಿನಲ್ಲಿ "ಎಂಜಲು ನುಂಗಿ, ಎಂಜಲು ನುಂಗಿ" ಎನ್ನುತ್ತಿದ್ದರು. ದೊಡ್ಡಮ್ಮ ಮಾಸ್ಕಿನೊಳಗಿಂದ ನನ್ನತ್ತ ನೋಡಿ ಕಣ್ಣಲ್ಲೇ ನಕ್ಕಳು. ಹೆದರಿ ಬೆವತಿದ್ದವಳು ನಾನು.

ಹೀಗೆ ಶುರುವಾದದ್ದು ಒಂದು ತಿಂಗಳ ಮೇಲೆ ನಡೆಯಿತು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಹಿಡಿದ ಸಣ್ಣ ರೂಮು. ಬೆಳಿಗ್ಗೆ "ಜನಕನ ಮನೆ"ಗೆ ಹೋಗುವುದು, ಡ್ರೆಸ್ಸಿಂಗ್, ಇಂಜೆಕ್ಷನ್. ಬಂದು ರಾಗಿಮುದ್ದೆ, ಸೊಪ್ಪಿನ ಸಾರು. ಅವಳು ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತ, ನನ್ನಮ್ಮ ಚಿಕ್ಕವಳಿದ್ದಾಗ ಮಾಡಿದ ಕಿತಾಪತಿಗಳನ್ನೆಲ್ಲ ಹೇಳುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅವಳ ಹೆಸರನ್ನು ಅಷ್ಟು ಸಲ ನಾನು ಕೇಳಿರಲಿಲ್ಲ. ಆಸ್ಪತ್ರೆಯ ದಿನಗಳನ್ನು ಯಾರಾದರೂ ಬೇಕೆಂದು ಬಯಸುತ್ತಾರೆಯೇ? ನನಗಂತೂ ಆ ರೂಮು ನೆನಪಾದರೆ ದುಃಖಕ್ಕಿಂತ ಆಸೆಯೇ ಹೆಚ್ಚು.

ಕಪ್ಪಾಗಿದ್ದ ಎರಡು ಬೆರಳು ಉಳಿಯಲಿಲ್ಲ, ತೆಗೆದರು. ಒಂದು ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಗಾಯದಿಂದ ಕೆಂಪು ರಕ್ತ ಜಿನುಗಿತು. ನಾನು ಕೂಗಿಕೊಂಡೆ. ಡಾಕ್ಟರು ನಕ್ಕು, "ಒಳ್ಳೇದು ಕಣ್ರೀ, ಹೊಸ ಮಾಂಸ ಕೂಡ್ತಾ ಇದೆ. ಪಾದ ಉಳೀತು" ಎಂದರು. ಗಾಳಿಯೊಂದರಿಂದಲೇ ಆದದ್ದಲ್ಲ, ಸಕ್ಕರೆ ಹತೋಟಿಗೆ ಬಂದದ್ದೂ, ಔಷಧಿಯೂ ಸೇರಿ ಆದದ್ದು ಎಂದೂ ಹೇಳಿದರು. ದೊಡ್ಡಮ್ಮ ಆವತ್ತೇ ಮೊದಲು ಅತ್ತದ್ದು. ನಾನೂ ಅತ್ತೆ.

ಇವತ್ತು ದೊಡ್ಡಮ್ಮನ ಮನೆಯಲ್ಲಿ ಊಟ ಮುಗಿಸಿ ಹೊರಟಾಗ "ರಸ್ತೆ ತಂಕ ಬತ್ತೀನಿ" ಎಂದು ಮೆತ್ತನೆಯ ಚಪ್ಪಲಿ ಮೆಟ್ಟಿದಳು. ನಾನು ಸ್ಕೂಟರ್ ತಳ್ಳಿಕೊಂಡು ಬೇಕೆಂದೇ ಹಿಂದೆ ಉಳಿದೆ. ಯಾವಾಗಲೂ ಹಾಗೆಯೇ, ಎಡಗಾಲು ಎಲ್ಲಿ ತಡವರಿಸುತ್ತದೋ ಎಂದು ನೋಡಿಕೊಂಡೇ ಬರುತ್ತೇನೆ. ಅವಳು ಗಕ್ಕನೆ ನಿಂತಳು.

"ಲೇ, ಮುಂದೆ ನಡಿಯೇ. ಇನ್ನೆಷ್ಟು ವರ್ಷ ಅಂತ ನನ್ ಕಾಲು ಕಾಯ್ತೀಯ? ಅದು ನಂದು, ನನ್ ಜೊತೇಗೇ ಬತ್ತದೆ."

ಮುಂದೆ ನಡೆದೆ. ಬೆನ್ನ ಹಿಂದೆ ಚಪ್ಪಲಿಯ ಸದ್ದು, ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆಲ್ಲಗೆ. ತಿರುಗಿ ನೋಡಬೇಕೆಂದು ಜೀವ ಚಡಪಡಿಸುತ್ತಿತ್ತು, ನೋಡಲಿಲ್ಲ. ರಸ್ತೆ ಇನ್ನೂ ಸಿಕ್ಕಿರಲಿಲ್ಲ, ಆ ಸದ್ದು ನನ್ನ ಪಕ್ಕಕ್ಕೆ ಬಂತು, ಆಮೇಲೆ ನನ್ನನ್ನು ದಾಟಿಕೊಂಡು ಮುಂದೆ ಹೋಯಿತು.