ಐದನೆಯ ತಟ್ಟೆ

ನಮ್ಮ ಭತ್ತದ ಸಂಶೋಧನಾ ಕೇಂದ್ರದ ಲಕ್ಷ್ಮೀನರಸಿಂಹ ಹೊಳೆನರಸೀಪುರದವರು. ಹೆಚ್ಚು ಇಳುವರಿಯ ತಳಿ ಹುಟ್ಟಿಸುವುದೇ ಅವರ ಕೆಲಸ. ಭತ್ತ ಹೂ ಬಿಡುವ ಕಾಲದಲ್ಲಿ ಬೆಳಗಾಗುತ್ತಲೇ ಗದ್ದೆಗಿಳಿದು, ಚಿಮಟದಲ್ಲಿ ಒಂದೊಂದೇ ಹೂವಿನ ಕೇಸರ ಕಿತ್ತು, ಬೇರೆ ತಳಿಯ ಪರಾಗ ಉದುರಿಸಿ, ತೆನೆಗೆ ಕಾಗದದ ಕುಲಾವಿ ತೊಡಿಸಿ, ಅದರ ಅಪ್ಪ ಅಮ್ಮನ ನಂಬರು ಬರೆಯುತ್ತಾರೆ. ಯಾರು ಎಲ್ಲಿಗೆ ಕರೆದರೂ "ಹೂ ಬರೋ ಹೊತ್ತು ಕಣ್ರೀ" ಎನ್ನುತ್ತಾರೆ. ತಮ್ಮದೇ ಮದುವೆಯ ಮಾತು ಬಂದಾಗಲೂ ಹಾಗೇ ಅಂದಿದ್ದರಂತೆ. ಕೊಯ್ಲಾದ ಮೇಲೆ ಪ್ರತಿ ತಳಿಯ ಅನ್ನವನ್ನೂ ಐದು ಜನ ಉಂಡು ಅಂಕ ಕೊಡಬೇಕು. ಸಾರಿಲ್ಲ, ಉಪ್ಪೂ ಇಲ್ಲ. ಅವತ್ತು ಮಧ್ಯಾಹ್ನ ನಮಗೆಲ್ಲ ಅರಕಲಗೂಡಿನಲ್ಲಿ ಕೆಲಸವಿರುತ್ತದೆ. ಅವರು ಸೀಮೆಎಣ್ಣೆ ಸ್ಟವ್ ಹಚ್ಚಿ, ಐದು ತಟ್ಟೆಗೆ ಬಡಿಸಿ, ಐದರ ಮುಂದೂ ತಾವೇ ಕೂತು, ಐದು ಜನರ ಹಾಗೆ ತಕರಾರು ತೆಗೆದು ಪಟ್ಟಿ ತುಂಬುತ್ತಾರೆ. "ಐದ್ನೇ ತಟ್ಟೆಗೆ ಮಾತ್ರ ಬೆಳಿಗ್ಗೆ ಬೇಯ್ಸಿದ್ ಆರಿದ್ ಅನ್ನ ಬಡಿಸ್ಕತಾರೆ ಕಣೇಳಿ ಸಾ" ಎಂದಳು, ಪಾತ್ರೆ ತೊಳೆಯುವ ಮಾದಮ್ಮ. ತೊಂಬತ್ತೆಂಟರಲ್ಲಿ, ಒಂಬತ್ತು ವರ್ಷ ಸಾಕಿದ ಒಂದು ತಳಿ ಎಕರೆಗೆ ಮೂವತ್ತೆರಡು ಕ್ವಿಂಟಲ್ ಕೊಟ್ಟಿತು. ಪಟ್ಟಿಯಲ್ಲಿ ನಾಲ್ವರು ಪೂರ್ತಿ ಅಂಕ ಕೊಟ್ಟಿದ್ದರು. ಐದನೆಯವರು ಸೊನ್ನೆ ಹಾಕಿ, 'ಆರಿದರೆ ಗಟ್ಟಿ' ಎಂದು ಬರೆದಿದ್ದರು. ಐವರಲ್ಲಿ ಒಬ್ಬರು ಸೊನ್ನೆ ಹಾಕಿದರೂ ತಳಿ ಹೊರಗೆ; ಅಲ್ಲಿಗೆ ಅದು ಮುಗಿಯಿತು. ಪಟ್ಟಿ ಟೈಪು ಮಾಡಬೇಕಿದ್ದ ನಾನು, "ಈ ಐದನೆಯವರು ಯಾರು ಸಾರ್?" ಎಂದು ಕೇಳಿದೆ. "ಅಮ್ಮ. ಹಲ್ಲಿಲ್ಲ ಅವಳಿಗೆ. ನಾನು ಬರೋ ತನಕ ಊಟ ಮಾಡಲ್ಲ, ಅಷ್ಟೊತ್ತಿಗೆ ಅನ್ನ ಆರಿರತ್ತೆ" ಎಂದರು. ಅವರಮ್ಮ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು, ಭತ್ತ ಹೂ ಬಿಡುವ ಕಾಲದಲ್ಲಿ.