ಮೊದಲ ಮನೆಯ ಕಾವಲು

ಮರಳೂರಿನ ನಮ್ಮ ಬೀದಿಯ ಮೊದಲ ಮನೆಯ ಅಜ್ಜಿ ದಿನವಿಡೀ ಗೇಟಿನ ಮುಂದೆ ಮೊರ ಇಟ್ಟುಕೊಂಡು ಸೊಪ್ಪು ಬಿಡಿಸುತ್ತಿದ್ದರು. ಯಾರೇ ಬರಲಿ, “ಯಾರ ಮನೇಗಪ್ಪಾ? ಏನ್ ಸಮಾಚಾರ?” ಕುಣಿಗಲ್‌ನಿಂದ ಬಂದ ನಮ್ಮ ಮಾವನನ್ನೇ ತಡೆದು ಚೀಲದೊಳಗೆ ಇಣುಕಿ ನೋಡಿದ ಮೇಲೆ, ನಾನೇ ಮುಂದೆ ನಿಂತು ಬೀದಿಗೆ ಕ್ಯಾಮೆರಾ ಹಾಕಿಸಿದೆ. “ಅಜ್ಜಿ, ಇನ್ಮೇಲೆ ಯಾರನ್ನೂ ಏನೂ ಕೇಳ್ಬೇಡಿ, ಅದು ನೋಡ್ಕೊಳ್ಳುತ್ತೆ” ಎಂದೆ.

ತಿಂಗಳೊಳಗೆ ಹಾಡಹಗಲೇ ನಮ್ಮನೆಯ ಗ್ಯಾಸ್ ಸಿಲಿಂಡರ್ ಮಾಯವಾಯಿತು. ರೆಕಾರ್ಡಿಂಗ್ ನೋಡಿದರೆ, ಹೆಲ್ಮೆಟ್ ಹಾಕಿಕೊಂಡವನೊಬ್ಬ ಅದನ್ನು ಹೊತ್ತು ಹೋಗುತ್ತಿದ್ದಾನೆ. ಅಜ್ಜಿ ಮೊರ ಪಕ್ಕಕ್ಕೆಳೆದು ಅವನಿಗೆ ದಾರಿ ಬಿಡುತ್ತಿದ್ದಾರೆ.

“ಒಂದ್ ಮಾತು ಕೇಳೋಕೆ ಏನಾಗಿತ್ತಜ್ಜಿ?” ಎಂದು ರೇಗಿದೆ.

ಅಜ್ಜಿ ದಂಟಿನ ನಾರು ಎಳೆಯುತ್ತಲೇ ಹೇಳಿದರು: “ನೀನೇ ತಾನೇ ಬೇಡ ಅಂದಿದ್ದು? ಅದೂ ಸುಮ್ನೆ ನೋಡ್ತಿತ್ತು, ನಾನೂ ಸುಮ್ನೆ ನೋಡ್ದೆ.”