ಎಂಟು ಚುಕ್ಕೆ

ಆಗ ನಿಟ್ಟುವಳ್ಳಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು, ಏನು ಬಂದರೂ ಮಾಡಿಕೊಡುತ್ತಿದ್ದೆ. ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು, ಬೆಂಗಳೂರಿನಿಂದ ಅಂಗೈಯಗಲದ ಒಂದು ಕಂಪ್ಯೂಟರ್ ತಂದೆ. ಕೀಬೋರ್ಡ್ ಇಲ್ಲ, ಪ್ಲಾಸ್ಟಿಕ್ ಕಡ್ಡಿಯಿಂದ ಒತ್ತಬೇಕು. ಅದರಲ್ಲಿ ಪುಸ್ತಕ ಓದಬಹುದು ಎಂದು ಗೊತ್ತಾದ ದಿನದಿಂದ ನನ್ನನ್ನು ಹಿಡಿಯುವವರೇ ಇರಲಿಲ್ಲ. ಕನ್ನಡದ ಪುಸ್ತಕವನ್ನು ಅಂಗೈಗೆ ತಂದ ಮೊದಲನೆಯವನು ನಾನೇ ಆಗಬೇಕು ಅಂತ ಹುಚ್ಚು.

ಪುಸ್ತಕ ಸಿಕ್ಕಿದ್ದು ಹರಿಹರದಲ್ಲಿ. ಪ್ರೈಮರಿಯಲ್ಲಿ ನನಗೆ ಪಾಠ ಹೇಳಿದ್ದ ಟೀಚರ್ ನಿವೃತ್ತರಾದ ಮೇಲೆ ಊರೂರು ತಿರುಗಿ ಒಡಪು ಬರೆದುಕೊಂಡಿದ್ದರು. ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವವರಲ್ಲ. ಮದುವೆಮನೆಯಲ್ಲಿ ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು, ಒಳಗೆ ಬಿಡ್ತೀವಿ" ಎಂದು ಕಾಡಿದಾಗ ಮಾತ್ರ ಎರಡು ಸಾಲು ಪ್ರಾಸ ಕಟ್ಟಿ, ನಡುವೆ ಆ ಹೆಸರು ಸೇರಿಸಿ, ಹೇಳಿ ಸೆರಗಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಅದೇ ಒಡಪು.

ನನ್ನ ಯಂತ್ರಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಹಾಗಾಗಿ ಕನ್ನಡದಲ್ಲಿ ಟೈಪ್ ಮಾಡಿ, ಒಂದೊಂದು ಒಡಪನ್ನೂ ಒಂದೊಂದು ಚಿತ್ರ ಮಾಡಿ ತುಂಬಬೇಕಿತ್ತು. ಟೀಚರ್ ಪ್ರೂಫ್ ನೋಡಿ, ತಿದ್ದಿ, ಒಪ್ಪಿಗೆ ಕೊಟ್ಟು ಹೋದರು. ಶುರುವಾಯಿತು ನೋಡಿ ನನ್ನ ತಲೆಹರಟೆ. ಆ ಪುಟ್ಟ ತೆರೆಯಲ್ಲಿ ಗಂಡಂದಿರ ಉದ್ದುದ್ದ ಹೆಸರು ಹಿಡಿಯುತ್ತಿರಲಿಲ್ಲ. ಎರಡು ಸಾಲಿನ ಒಡಪು ಮೂರಾಗುತ್ತಿತ್ತು, ನೋಡಲು ಅಸಹ್ಯ. ಎರಡು ದಿನ ಒದ್ದಾಡಿ ರೇಗಿಹೋಗಿ, ಹೆಸರುಗಳನ್ನೆಲ್ಲ ಅಳಿಸಿ ಅಲ್ಲಲ್ಲಿ ಎಂಟೆಂಟು ಚುಕ್ಕೆ ಇಟ್ಟೆ. ಸಾಲುಗಳು ಸರಾಗ ಕುಳಿತವು. ಯಾವ ಮದುಮಗಳಾದರೂ ತನ್ನ ಗಂಡನ ಹೆಸರು ತುಂಬಿ ಹೇಳಿಕೊಳ್ಳಬಹುದಲ್ಲ, ಆಹಾ, ಎಂಥ ಬುದ್ಧಿ ನನ್ನದು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಟೀಚರಿಗೆ ಹೇಳಲೂ ಇಲ್ಲ.

ಒಂದು ದಿನ ಮಧ್ಯಾಹ್ನ ಟೀಚರ್ ಗುತ್ತೂರಿನ ಒಬ್ಬ ಅಜ್ಜಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದರು. ಅಜ್ಜಿಯ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಗಂಡ ಸತ್ತವಳನ್ನು ಒಡಪು ಹೇಳು ಅನ್ನುವವರಾರು? ಟೀಚರ್ ಕೇಳಿದಾಗ, ಯಾರೂ ಇಲ್ಲದ್ದು ನೋಡಿ, ಅವರ ಕಿವಿಯಲ್ಲಿ ಒಂದೇ ಒಂದು ಸಲ ಉಸುರಿದ್ದಳಂತೆ.

"ಓದಾಕ ಬರಂಗಿಲ್ಲಪ್ಪ ನನಗೆ," ಅಂದಳು ಅಜ್ಜಿ. "ಅವರ ಹೆಸರು ಎಲ್ಲೈತೆ ತೋರ್ಸು, ಮುಟ್ಟಿ ನೋಡ್ತೀನಿ."

ಟೀಚರ್ ಯಂತ್ರ ಇಸಿದುಕೊಂಡು ಆ ಪುಟ ತೆಗೆದು ಓದತೊಡಗಿದರು: "ಹೊಳೆಯಿಂದ ನೀರು ತಂದೆ ಹಿತ್ತಾಳೆ ಕೊಡ ಹೊತ್ತು..." ಎರಡನೇ ಸಾಲಿಗೆ ಬಂದವರು ತಟ್ಟನೆ ನಿಂತರು. ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದರು.

"ಯಾಕ ನಿಲ್ಸಿದ್ರಿ ಅಕ್ಕೋರೆ? ಅವರು ಬಂದ್ರೇನು?" ಎಂದಳು ಅಜ್ಜಿ.

ತಪ್ಪಾಗೈತೆ ಅಮ್ಮ, ಒಂದು ತಾಸು ಕೂಡ್ರಿ, ಸರಿ ಮಾಡಿಕೊಡ್ತೀನಿ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದೇ ಬೇರೆ. ಆಕೆಯ ಬೆರಳು ಹಿಡಿದು ಚುಕ್ಕೆಗಳ ಮೇಲಿಟ್ಟು, "ಇಲ್ಲೇ ಐತೆ ನೋಡ್ರಿ ಅಮ್ಮ" ಎಂದೆ. ಅಜ್ಜಿ ಎಂಟೂ ಚುಕ್ಕೆಗಳನ್ನು ಮೆಲ್ಲಗೆ ಸವರಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಹೊರಡುವಾಗ ಟೀಚರ್ ಬಾಗಿಲಲ್ಲಿ ನಿಂತು, "ಇದನ್ನಾ ನಾನು ನಿನಗೆ ಕಲಿಸಿದ್ದು?" ಅಂದರು.

ಟೀಚರ್ ಕೊಟ್ಟ ಹಾಳೆಗಳು ಅಂಗಡಿಯಲ್ಲೇ ಇದ್ದವು. ಅವತ್ತೇ ಕೂತು ಎಲ್ಲ ಹೆಸರುಗಳನ್ನೂ ವಾಪಸ್ ಸೇರಿಸಿದೆ. ಸಾಲು ಮೂರಾದರೂ ಆಗಲಿ, ನಾಲ್ಕಾದರೂ ಆಗಲಿ ಅಂದುಕೊಂಡೆ. ಅಜ್ಜಿಯ ಗಂಡನ ಹೆಸರು ಹಿಡಿಸಲು ಅಕ್ಷರ ಸಣ್ಣದು ಮಾಡುವ ಅಗತ್ಯವೂ ಬೀಳಲಿಲ್ಲ. ಮೂರೇ ಅಕ್ಷರ. ನಾನು ಇಟ್ಟ ಚುಕ್ಕೆಗಳಿಗಿಂತ ಕಡಿಮೆ ಜಾಗ ಸಾಕಿತ್ತು ಆ ಮನುಷ್ಯನಿಗೆ.

ಮಾರನೆಯ ದಿನ ಯಂತ್ರ ಜೇಬಿಗೆ ಹಾಕಿಕೊಂಡು ಗುತ್ತೂರಿಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕೂತು ನೆರೆಯ ಹೆಂಗಸರಿಗೆ ಆ ಸುದ್ದಿಯನ್ನೇ ಹೇಳುತ್ತಿದ್ದಳು. ನನ್ನನ್ನು ಕಂಡದ್ದೇ, "ಇವನೇ ನೋಡ್ರವ್ವ, ಅವರನ್ನ ಮುಟ್ಟಿಸಿದವನು" ಎಂದಳು. ನಾನು ತೆರೆ ತೋರಿಸಿ, "ಅಮ್ಮಾ, ಇನ್ನೊಂದು ಸಲ ಮುಟ್ರಿ. ಇವತ್ತು ಚೆನ್ನಾಗಿ ಬಂದೈತೆ" ಎಂದೆ.

ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡಪ್ಪ. ನಿನ್ನೆ ಮುಟ್ಟೀನಲ್ಲ, ಅಷ್ಟು ಸಾಕು. ಮತ್ತೆ ಮತ್ತೆ ಮುಟ್ಟಿದ್ರೆ ಸವೆದು ಹೋಗ್ತೈತೆ."

ನಿನ್ನೆ ನೀವು ಮುಟ್ಟಿದ್ದು ಅವರನ್ನಲ್ಲ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಒಳಗೆ ಹೋಗಿ ತಟ್ಟೆ ತುಂಬ ಮಂಡಕ್ಕಿ ತಂದು, "ತಿನ್ನಪ್ಪ, ಪುಣ್ಯ ಬರ್ಲಿ ನಿನಗೆ" ಅಂತ ಮುಂದಿಟ್ಟಳು. ತಲೆ ತಗ್ಗಿಸಿ ತಿಂದೆ. ಒಂದು ಕಾಳು ಬಿಡದೆ ತಿಂದು, ಬಸ್ಸು ಹತ್ತಿ ವಾಪಸ್ ಬಂದೆ.